ಅಕ್ಷರರೂಪಕಲೆ: ಎಡೆದೊರೆನಾಡಿನ ಶಿಲಾಲಿಪಿಯೂ ಜರ್ಮನಿಯ ಕಪ್ಪಕ್ಷರವೂ

ಭಾಷೆಯ ಧ್ವನಿಗಳನ್ನು ಕಣ್ಣಿಗೆ ಗೋಚರವಾಗಿಸುವ ಸಂಕೇತಸಮುದಾಯಕ್ಕೆ ಲಿಪಿಯೆಂದು ಹೆಸರಾದರೆ, ಆ ಸಂಕೇತಗಳ ರೇಖೆ, ಕೋನ, ವೃತ್ತ, ದಪ್ಪ, ತೆಳುವು, ಅಂತರಗಳನ್ನು ಪ್ರಯೋಜನಕ್ಕೂ ಸೌಂದರ್ಯಕ್ಕೂ ಏಕಕಾಲದಲ್ಲಿ ಒದಗುವಂತೆ ರೂಪಿಸುವ ವಿದ್ಯೆಯನ್ನು ಅಕ್ಷರರೂಪಕಲೆಯೆಂದು ಕರೆಯಬಹುದು. ಅಕ್ಷರದ ಆಕಾರವನ್ನು ಮೊದಲಿಗೆ ನಿರ್ಣಯಿಸುವುದು ಬರೆಯುವ ಉಪಕರಣ ಮತ್ತು ಬರೆಯಿಸಿಕೊಳ್ಳುವ ಮೈ. ಆದರೆ ಒಮ್ಮೆ ರೂಢಿ ಬಲಿತ ಮೇಲೆ ಉಪಕರಣವು ಕೈಬಿಟ್ಟುಹೋದರೂ ಆಕಾರವು ಉಳಿದು, ಜನಾಂಗವೊಂದು ಅದನ್ನು ತನ್ನ ಮುಖವೆಂದೇ ಭಾವಿಸಿ ಕಾಪಾಡಿಕೊಳ್ಳುತ್ತದೆ. ಈ ಮಾತಿಗೆ ಐರೋಪ್ಯ ದೇಶಗಳಲ್ಲಿ ಜರ್ಮನಿಯ ಕಪ್ಪಕ್ಷರದಷ್ಟು ಸ್ಪಷ್ಟವಾದ ನಿದರ್ಶನ ಬೇರೊಂದಿಲ್ಲ. ಕರ್ನಾಟಕದಲ್ಲಿ ಅದೇ ವಿಚಾರವನ್ನು ಮೂಲದಿಂದ ಪರಿಶೀಲಿಸಬಯಸುವವರು ಕೃಷ್ಣೆ ತುಂಗಭದ್ರೆಗಳ ನಡುವಣ ಭೂಭಾಗಕ್ಕೆ, ಪ್ರಾಚೀನ ಶಾಸನಗಳು ಎಡೆದೊರೆನಾಡೆಂದು ಕರೆದ ಇಂದಿನ ರಾಯಚೂರು ಸೀಮೆಗೆ, ಹೋಗಬೇಕು. ಈ ಎರಡು ಪರಂಪರೆಗಳು ಒಂದಕ್ಕೊಂದು ಸಂಬಂಧವಿಲ್ಲದೆ ಬೆಳೆದವಾದರೂ, ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನ್ ಪಾದ್ರಿಗಳ ಹಾಗೂ ಪಂಡಿತರ ಮೂಲಕ ಒಂದನ್ನೊಂದು ಸಂಧಿಸಿದುವು.

ಲಿಂಗಸುಗೂರಿನಿಂದ ಸಿಂಧನೂರಿಗೆ ಹೋಗುವ ಹೆದ್ದಾರಿಯಲ್ಲಿ ಸಿಕ್ಕುವ ಮಸ್ಕಿಯು ಬಹುಕಾಲ ಲಿಂಗಸುಗೂರು ತಾಲ್ಲೂಕಿಗೆ ಸೇರಿದ್ದು, ಈಚೆಗೆ ತಾನೇ ತಾಲ್ಲೂಕು ಕೇಂದ್ರವಾಗಿದೆ. ಕಪ್ಪು ಎರೆಭೂಮಿಯ ನಡುನಡುವೆ ತಲೆಯೆತ್ತಿರುವ ಬಂಡೆಗುಡ್ಡಗಳು ಈ ಪ್ರದೇಶದ ಲಕ್ಷಣ. ಅಂಥ ಒಂದು ಗುಡ್ಡದ ಬಂಡೆಯ ಮೇಲೆ ಕ್ರಿ. ಪೂ. 3ನೆಯ ಶತಮಾನದ ಬ್ರಾಹ್ಮೀ ಅಕ್ಷರಗಳಿರುವುದನ್ನು 1915ನೆಯ ಇಸವಿಯ ಜನವರಿಯಲ್ಲಿ ಚಿನ್ನದ ಅದಿರನ್ನು ಹುಡುಕುತ್ತಿದ್ದ ಬೀಡನ್ ಎಂಬ ಗಣಿ ಇಂಜಿನಿಯರು ಕಂಡನು. ಲಿಂಗಸುಗೂರಿನ ಸಮೀಪದ ಹಟ್ಟಿಯ ಚಿನ್ನದ ಗಣಿಗಳು ಪ್ರಸಿದ್ಧವಾಗಿರುವುದರಿಂದ ಆತನ ಅನ್ವೇಷಣೆ ಸಹಜವೇ ಆಗಿತ್ತು. ದೊರೆತದ್ದು ಮಾತ್ರ ಚಿನ್ನಕ್ಕಿಂತಲೂ ಮಿಗಿಲಾದುದು. ಆಗ ಈ ಸೀಮೆಯು ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದುದರಿಂದ, ಹೊಸದಾಗಿ ಆರಂಭವಾದ ಹೈದರಾಬಾದ್ ಪುರಾತತ್ತ್ವ ಗ್ರಂಥಮಾಲೆಯ ಮೊದಲನೆಯ ಸಂಚಿಕೆಯಾಗಿ ಅದೇ ವರ್ಷ ಹೆಚ್. ಕೃಷ್ಣಶಾಸ್ತ್ರಿಗಳು ಈ ಶಾಸನವನ್ನು ಸಂಪಾದಿಸಿ ಪ್ರಕಟಿಸಿದರು.

ಈ ಶಾಸನದ ಮಹತ್ತ್ವವನ್ನು ತಿಳಿಯಬೇಕಾದರೆ ಎಪ್ಪತ್ತೆಂಟು ವರ್ಷ ಹಿಂದಕ್ಕೆ ಹೋಗಬೇಕು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ಪನು ಬ್ರಾಹ್ಮಿಯನ್ನು ಓದಿ ತೋರಿಸಿದಾಗ ಭಾರತದ ಬಂಡೆಗಳ ಮೇಲೂ ಕಂಬಗಳ ಮೇಲೂ ಕಂಡುಬಂದುದು ದೇವಾನಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳೇ ಹೊರತು ಅರಸನ ನಿಜನಾಮವಲ್ಲ. ಸಿಂಹಳದ ಪಾಲಿ ಗ್ರಂಥಗಳನ್ನು ಆಧರಿಸಿ ಜಾರ್ಜ್ ಟರ್ನರನು ಆ ಪ್ರಿಯದರ್ಶಿಯೇ ಅಶೋಕನೆಂದು ಸೂಚಿಸಿದನಾದರೂ, ಕಲ್ಲಿನ ಸಾಕ್ಷ್ಯವು ಅದಕ್ಕೆ ದೊರೆತಿರಲಿಲ್ಲ. ಮಸ್ಕಿಯ ಬಂಡೆಯು ದೇವಾನಂಪ್ರಿಯನೆಂಬ ಬಿರುದಿನೊಡನೆ ಅಶೋಕನೆಂಬ ಹೆಸರನ್ನೂ ಪ್ರಾಕೃತದಲ್ಲಿ ಸ್ಪಷ್ಟವಾಗಿ ಹೇಳಿ, ಆ ಊಹೆಯನ್ನು ಸತ್ಯವಾಗಿ ಸ್ಥಾಪಿಸಿತು. ಮುಂದೆ ಮಧ್ಯಪ್ರದೇಶದ ಗುಜರ್ರಾದಲ್ಲಿಯೂ, ಸಿಂಧನೂರಿನ ದಕ್ಷಿಣಕ್ಕೆ ತುಂಗಭದ್ರೆಯನ್ನು ದಾಟಿದರೆ ಸಿಕ್ಕುವ ಸಿರುಗುಪ್ಪ ಸೀಮೆಯ ನಿಟ್ಟೂರು, ಉಡೆಗೋಳಗಳಲ್ಲಿಯೂ ಅಶೋಕನಾಮವುಳ್ಳ ಶಾಸನಗಳು ಬೆಳಕಿಗೆ ಬಂದುವು. 1931ರಲ್ಲಿ ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡುಗಳಲ್ಲಿ ದೊರೆತ ಶಾಸನಗಳನ್ನೂ ಇವುಗಳೊಡನೆ ಸೇರಿಸಿ ನೋಡಿದರೆ, ತುಂಗಭದ್ರೆಯ ಎರಡು ದಡಗಳೂ ಮೌರ್ಯ ಲಿಪಿಕಾರರ ಕೈಗೆ ಪರಿಚಿತವಾಗಿದ್ದುವೆಂಬುದು ನಿಸ್ಸಂದೇಹವಾಗುತ್ತದೆ.

ಮಸ್ಕಿಯ ಅಕ್ಷರಗಳ ದೇಹವನ್ನು ಕುರಿತು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಬ್ರಾಹ್ಮಿಯ ಕಕಾರವು ಒಂದು ಕೂಡುಗುರುತು, ಗಕಾರವು ಮೇಲ್ಮುಖವಾದ ಬಾಣದ ಮೊನೆ, ಠಕಾರವು ಬರಿಯ ವೃತ್ತ, ಥಕಾರವು ನಡುವೆ ಚುಕ್ಕೆಯುಳ್ಳ ವೃತ್ತ, ಬಕಾರವು ಚೌಕ. ರೇಖೆಯ ಗಾತ್ರವು ಆದ್ಯಂತವಾಗಿ ಒಂದೇ. ದಪ್ಪ ತೆಳುವುಗಳ ಏರಿಳಿತವಿಲ್ಲ, ತಲೆಕಟ್ಟಿಲ್ಲ, ಬಾಲವಿಲ್ಲ. ಉಳಿಯ ಒಂದೊಂದು ಪೆಟ್ಟಿಗೂ ಗಟ್ಟಿಯಾದ ಬಂಡೆ ಕೊಡುವ ಪ್ರತಿರೋಧವು ಲಿಪಿಕಾರನಿಗೆ ವಿಲಾಸಕ್ಕೆ ಅವಕಾಶವನ್ನೀಯದೆ, ಅತ್ಯಲ್ಪ ರೇಖೆಗಳಿಂದ ಅತ್ಯಧಿಕ ಸ್ಪಷ್ಟತೆಯನ್ನು ಸಾಧಿಸುವಂತೆ ಮಾಡಿದೆ. ಜಗತ್ತಿನ ಲಿಪಿಗಳಲ್ಲಿ ಇಷ್ಟು ನಿರಾಡಂಬರವಾಗಿಯೂ ಇಷ್ಟು ಗಂಭೀರವಾಗಿಯೂ ಇರುವಂಥವು ವಿರಳವೆಂದು ಹೇಳಲು ಸಂಕೋಚಪಡಬೇಕಾಗಿಲ್ಲ. ಬರೆದವನ ಅಭಿಮಾನವೂ ಆ ಕಾಲದಲ್ಲಿ ಇದ್ದೇ ಇತ್ತು: ಬಿ. ಎಲ್. ರೈಸರು 1892ರಲ್ಲಿ ಚಿತ್ರದುರ್ಗ ಜಿಲ್ಲೆಯಲ್ಲಿ ಕಂಡುಹಿಡಿದ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಶಾಸನಗಳ ಕೊನೆಯಲ್ಲಿ ಚಪಡನೆಂಬ ಲಿಪಿಕಾರನು ತನ್ನ ಹೆಸರನ್ನು ಬ್ರಾಹ್ಮಿಯಲ್ಲಿಟ್ಟು, ತನ್ನ ವೃತ್ತಿಯನ್ನು ತಿಳಿಸುವ ಪದವನ್ನು ಮಾತ್ರ ವಾಯವ್ಯ ಭಾರತದ, ಬಲದಿಂದ ಎಡಕ್ಕೆ ಸಾಗುವ, ಖರೋಷ್ಠಿಯಲ್ಲಿ ಕೆತ್ತಿಸಿದ್ದಾನೆ. ಕರ್ನಾಟಕದಲ್ಲಿ ಹೆಸರು ತಿಳಿದಿರುವ ಅಕ್ಷರಕಲಾವಿದರಲ್ಲಿ ಅವನೇ ಹಿರಿಯನು.

ಆ ಬ್ರಾಹ್ಮಿಯೇ ಕ್ರಮಕ್ರಮವಾಗಿ ಕನ್ನಡ ತೆಲುಗು ಲಿಪಿಯಾಗಿ ಪರಿಣಮಿಸಿತು. ಇಂದಿನ ಕನ್ನಡದ ಗಕಾರದಲ್ಲಿ ಮೌರ್ಯರ ಬಾಣದ ಮೊನೆಯನ್ನೂ ಠಕಾರದಲ್ಲಿ ಆ ವೃತ್ತವನ್ನೂ ಇನ್ನೂ ಗುರುತಿಸಬಹುದಾದರೆ, ಬ್ರಾಹ್ಮಿಯಲ್ಲಿ ನೆಟ್ಟ ಗೆರೆಯಾಗಿದ್ದ ರಕಾರವು ಪೂರ್ಣವರ್ತುಲವಾಗಿ ತಿರುಗಿಕೊಂಡಿರುವುದು ಲಿಪಿಯ ಗತಿಯನ್ನು ತಿಳಿಸುತ್ತದೆ. ಈ ದುಂಡುತನಕ್ಕೆ ತಾಳೆಗರಿಯೇ ಕಾರಣವೆಂಬುದು ರೂಢಿಯ ವಿವರಣೆ: ಕಬ್ಬಿಣದ ಕಂಟದಿಂದ ಗರಿಯ ನಾರಿನ ಗುಂಟ ನೇರಗೆರೆಯನ್ನೆಳೆದರೆ ಗರಿ ಸೀಳುವುದರಿಂದ, ಬರೆಯುವವರು ಬಳಸುಗೆರೆಗೆ ಶರಣಾದರೆಂದು ಹೇಳುತ್ತಾರೆ. ಈ ವಿವರಣೆ ಬಹುಮಟ್ಟಿಗೆ ಸಂಗತವಾದುದಾದರೂ ಸಂಪೂರ್ಣವಲ್ಲ. ಕಲ್ಲಿನ ಮೇಲೆಯೂ ಕನ್ನಡದ ಅಕ್ಷರಗಳು ಅದೇ ದುಂಡುತನವನ್ನು ಅಷ್ಟೇ ಪ್ರೀತಿಯಿಂದ ಅನುಸರಿಸಿರುವುದನ್ನು ನೋಡಿದರೆ, ಅವಶ್ಯಕತೆಯಿಂದ ಹುಟ್ಟಿದ್ದು ಅಭಿರುಚಿಯಾಗಿ ಬೇರೂರಿತೆಂದು ತಿಳಿಯುವುದೇ ಯುಕ್ತ. ಕಲ್ಯಾಣದ ಚಾಳುಕ್ಯರ ಕಾಲದ, ಎಂದರೆ 11 ಮತ್ತು 12ನೆಯ ಶತಮಾನಗಳ, ಶಾಸನಗಳಲ್ಲಿ ಈ ಅಭಿರುಚಿಯು ಪರಾಕಾಷ್ಠೆಯನ್ನು ಮುಟ್ಟಿದೆ. ನಯಗೊಳಿಸಿದ ಶಿಲಾಫಲಕದ ತಲೆಯ ಮೇಲೆ ಶಿವಲಿಂಗ, ಸೂರ್ಯಚಂದ್ರರು, ಕರುವಿಗೆ ಹಾಲೂಡುವ ಹಸು. ಅದರ ಕೆಳಗೆ ಮುತ್ತುಗಳನ್ನು ಪೋಣಿಸಿದಂತೆ ಸಮಗಾತ್ರದ ಸಾಲುಗಳು. ಎಡೆದೊರೆಯಲ್ಲಿಯೂ ಅದರ ಸುತ್ತಣ ನಾಡುಗಳಲ್ಲಿಯೂ ದೇವಾಲಯಗಳ ಮುಂದೆ ನಿಂತಿರುವ ಇಂಥ ಕಲ್ಲುಗಳನ್ನು ಬರೆಯಿಸಿದ ದೊರೆಗಳ ವಂಶಾವಳಿಗಾಗಿ ಮಾತ್ರ ಓದುವ ಪದ್ಧತಿ ನಮ್ಮಲ್ಲಿ ಬೆಳೆದುಬಂದಿದೆ. ಅವುಗಳ ಅಕ್ಷರಗಳನ್ನು ಶಿಲ್ಪವೆಂದು ನೋಡುವ ಕಣ್ಣು ಇನ್ನೂ ತೆರೆಯಬೇಕಾಗಿದೆ.

ಕಲ್ಲು, ಗರಿಗಳಲ್ಲದೆ ಕರ್ನಾಟಕದಲ್ಲಿ ಕಡತವೆಂಬ ಮೂರನೆಯದೊಂದು ಮೈ ಉಂಟು. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಲಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆಮಡಿಕೆಯಾಗಿ ಮಡಿಚಿ, ಬಳಪದಿಂದ ಬರೆಯುತ್ತಿದ್ದ ಈ ಕರಿಯ ಹೊತ್ತಗೆಯಲ್ಲಿ ವರ್ತಕರ ಲೆಕ್ಕವೂ ಶಾನುಭೋಗರ ದಾಖಲೆಯೂ ಒಂದೇ ಸಮನೆ ಸಾಗುತ್ತಿದ್ದುವು. ಬಳಪವು ಜಾರುವ ವೇಗದಿಂದ ಅಕ್ಷರಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಮೋಡಿಯ ಬರಹವಾದುವು.

ಲಿಂಗಸುಗೂರು ತಾಲ್ಲೂಕಿನ ಮುದ್ಗಲ್ಲಿನಲ್ಲಿ ಬೇರೊಂದು ಸಂಪ್ರದಾಯವು ಪ್ರವೇಶಿಸುತ್ತದೆ. ಬಹಮನಿಗಳು, ವಿಜಯನಗರದ ಅರಸರು, ಬಿಜಾಪುರದ ಆದಿಲಶಾಹಿಗಳು ಇವರೆಲ್ಲರ ಕೈ ಬದಲಾಯಿಸಿದ ಈ ದುರ್ಗದಲ್ಲಿ ಕನ್ನಡ ಶಾಸನಗಳೊಡನೆ ಅರಬ್ಬೀ ಫಾರಸೀ ಬರಹಗಳೂ ಇವೆ. ವಿಗ್ರಹಕ್ಕೆ ಎಡೆಯಿಲ್ಲದ ಧರ್ಮವು ತನ್ನ ಅಲಂಕಾರಶ್ರದ್ಧೆಯನ್ನೆಲ್ಲ ಅಕ್ಷರಕ್ಕೆ ಒಪ್ಪಿಸಿದಾಗ ಏನಾಗುತ್ತದೆಂಬುದಕ್ಕೆ ಬಿಜಾಪುರದ ಇಬ್ರಾಹೀಮ್ ರೋಜಾದ ಗೋಡೆಗಳೇ ಸಾಕ್ಷಿ. ಅಲ್ಲಿ ಬರಹವೂ ಬಳ್ಳಿಯೂ ಬೇರ್ಪಡಿಸಲಾರದಂತೆ ಹೆಣೆದುಕೊಂಡಿವೆ. ಓರೆಯಾಗಿ ಕತ್ತರಿಸಿದ ಜೊಂಡಿನ ಲೇಖನಿಯು ಈ ಸಂಪ್ರದಾಯದ ಜೀವಾಳ. ಅದನ್ನು ತಿರುಗಿಸಿದಂತೆ ಗೆರೆಯು ತಾನಾಗಿ ದಪ್ಪವೂ ತೆಳುವೂ ಆಗುವುದು.

ಓರೆಬಾಯಿಯ ಲೇಖನಿಯ ಅದೇ ಧರ್ಮವು ಜರ್ಮನಿಯಲ್ಲಿ ಮತ್ತೊಂದು ಬಗೆಯ ಫಲವನ್ನು ಕೊಟ್ಟಿತು. ಅಗಲವಾದ ಬಾಯಿಯುಳ್ಳ ಹಕ್ಕಿಗರಿಯ ಲೇಖನಿಯನ್ನು, ಮಾಚಿಕಾಯಿ ಮತ್ತು ಕಬ್ಬಿಣದ ಲವಣಗಳಿಂದ ಮಾಡಿದ ಕಪ್ಪು ಮಸಿಯಲ್ಲಿ ಅದ್ದಿ, ಒಂದೇ ಕೋನದಲ್ಲಿ ಹಿಡಿದು, ದುಬಾರಿಯಾದ ಚರ್ಮಪತ್ರದಲ್ಲಿ ಸ್ವಲ್ಪವೂ ಸ್ಥಳ ವ್ಯರ್ಥವಾಗದಂತೆ ಬರೆಯಬೇಕಾಗಿದ್ದ ಮಧ್ಯಯುಗದ ಸಂನ್ಯಾಸಿಗಳು, ದುಂಡಾಗಿದ್ದ ಲ್ಯಾಟಿನ್ ಅಕ್ಷರಗಳ ಬಳಸುಗಳನ್ನು ಮುರಿದು ಕೋನಗಳಾಗಿ ಮಾಡಿ, ಕಂಬಗಳನ್ನು ಒತ್ತೊತ್ತಾಗಿ ನಿಲ್ಲಿಸಿದರು. ಹೀಗೆ ತುಂಬಿದ ಪುಟವು ಕುರುಬರ ಕರಿಯ ಕಂಬಳಿಯ ನೇಯ್ಗೆಯಂತೆ ಕಾಣುವುದು. ಆದುದರಿಂದಲೇ ಈ ಶೈಲಿಗೆ ನೇಯ್ಗೆಯನ್ನು ಸೂಚಿಸುವ ಟೆಕ್ಸ್ಟೂರ ಎಂಬ ಹೆಸರು ಬಂದಿತು. 1455ರ ಸುಮಾರಿನಲ್ಲಿ ಮೈನ್ಜ್ ನಗರದ ಯೋಹಾನ್ ಗುಟೆನ್‌ಬರ್ಗನು ಪುಟಕ್ಕೆ 42 ಸಾಲುಗಳಂತೆ ಬೈಬಲನ್ನು ಅಚ್ಚುಮಾಡಿದಾಗ ಎರಕಹೊಯ್ದದ್ದು ಈ ಟೆಕ್ಸ್ಟೂರವನ್ನೇ. ಉಕ್ಕಿನ ತುದಿಯಲ್ಲಿ ಅಕ್ಷರವನ್ನು ಕೊರೆದು, ಅದನ್ನು ಮಿದುವಾದ ಲೋಹದಲ್ಲಿ ಒತ್ತಿ ಅಚ್ಚುಮಾಡಿ, ಸೀಸ ತವರಗಳ ಮಿಶ್ರಣವನ್ನು ಹೊಯ್ದು ಮೊಳೆಗಳನ್ನು ತೆಗೆಯುವ ಈ ವಿಧಾನಕ್ಕೆ ಹಕ್ಕಿಗರಿಯ ಕೋನದ ಆವಶ್ಯಕತೆ ಲೇಶವೂ ಇರಲಿಲ್ಲ. ಆದರೂ ಒಂದೇ ಅಕ್ಷರಕ್ಕೆ ಹಲವು ರೂಪಗಳನ್ನೂ ಜೋಡಕ್ಷರಗಳನ್ನೂ ಎರಕ ಹೊಯ್ದು, ನುರಿತ ಲಿಪಿಕಾರನ ಕೈಬರಹವನ್ನೇ ಲೋಹವು ಅನುಕರಿಸಿತು.

ಕಪ್ಪಕ್ಷರದಲ್ಲಿ ನಾಲ್ಕು ಪ್ರಧಾನ ಭೇದಗಳನ್ನು ಹೇಳುವುದುಂಟು. ಟೆಕ್ಸ್ಟೂರ ಮತ್ತು ಇಟಲಿಯಲ್ಲಿ ಬೆಳೆದ ದುಂಡುಮೈಯ ರೊಟುಂಡಗಳನ್ನು ಬಿಟ್ಟರೆ, ಜರ್ಮನ್ ಭಾಷೆಯ ಅಚ್ಚಿಗೆ ಮೀಸಲಾದವು ಶ್ವಾಬಾಖರ್ ಮತ್ತು ಫ್ರಾಕ್ಟುರ್. ಮಾರ್ಟಿನ್ ಲೂಥರನ ಹೊಸ ಒಡಂಬಡಿಕೆಯು 1522ರ ಸೆಪ್ಟೆಂಬರಿನಲ್ಲಿ ವಿಟ್ಟೆನ್‌ಬರ್ಗಿನಿಂದ ಹೊರಬಂದದ್ದು ಜನಸಾಮಾನ್ಯರಿಗೆ ಪರಿಚಿತವಾಗಿದ್ದ, ಅಗಲವೂ ಸರಳವೂ ಆದ ಶ್ವಾಬಾಖರಿನಲ್ಲಿ. ಆ ಗ್ರಂಥವು ಮನೆಮನೆಯನ್ನು ಹೊಕ್ಕಂತೆ ಕಪ್ಪಕ್ಷರವೂ ಹೊಕ್ಕು, ಸ್ವಭಾಷೆ, ಸ್ವಧರ್ಮ, ಸ್ವಲಿಪಿ ಎಂಬ ಮೂರೂ ಒಂದೇ ಭಾವವಾಗಿ ಬೆಸೆದುಕೊಂಡುವು. ಫ್ರಾಕ್ಟುರಿನ ಹುಟ್ಟಾದರೋ ಅರಮನೆಯಲ್ಲಿ. ಚಕ್ರವರ್ತಿ ಮ್ಯಾಕ್ಸಿಮಿಲಿಯನ್ನನ ಆಶ್ರಯದಲ್ಲಿ ಶೋನ್‌ಸ್ಪೆರ್ಗರನೆಂಬ ಮುದ್ರಕನು 1513ರಲ್ಲಿ ಅಚ್ಚುಮಾಡಿದ ಪ್ರಾರ್ಥನಾಗ್ರಂಥದಲ್ಲಿ ಅದರ ಪೂರ್ವರೂಪವೂ, 1517ರ ತೊಯರ್‌ಡಾಂಕ್ ಎಂಬ ಸಾಹಸಕಾವ್ಯದಲ್ಲಿ ಅದರ ಪೂರ್ಣರೂಪವೂ ಕಾಣಬರುತ್ತವೆ. ಆ ಕಾವ್ಯದ ಅಕ್ಷರಗಳಿಂದ ಅಂಚಿನವರೆಗೆ ಹರಿದುಹೋಗುವ ಬಳ್ಳಿಬಾಲಗಳು ಎಷ್ಟು ಸ್ವಚ್ಛಂದವಾಗಿವೆಯೆಂದರೆ, ಅವು ಲೋಹದ ಮೊಳೆಗಳಲ್ಲ, ಮರದ ಹಲಗೆಯಲ್ಲಿ ಕೊರೆದವೆಂದು ಮುಂದಿನವರು ಬಹುಕಾಲ ನಂಬಿದ್ದರು. ಉಕ್ಕಿನಲ್ಲಿ ಕೊರೆಯುವವನು ಲೇಖನಿಯ ಲಾಲಿತ್ಯವನ್ನು ಇಷ್ಟು ಸಮೀಪದಿಂದ ಹಿಡಿದ ಉದಾಹರಣೆ ಮುದ್ರಣದ ಇತಿಹಾಸದಲ್ಲಿ ಅಪರೂಪ. ಸಕಾರಕ್ಕೆ ಪದದ ಆದಿಮಧ್ಯಗಳಲ್ಲಿ ಉದ್ದನೆಯ ರೂಪ, ಅಂತ್ಯದಲ್ಲಿ ಸುತ್ತಿದ ರೂಪ. ಕೆಲವು ವ್ಯಂಜನಗಳ ಜೋಡಿಗೆ ಬೇರ್ಪಡಿಸಲಾಗದ ಒಂದೇ ಮೊಳೆ. ಹೀಗೆ ಫ್ರಾಕ್ಟುರಿನ ಮೊಳೆಗಾರನಿಗೆ ಇದ್ದ ಕಟ್ಟುಪಾಡುಗಳು, ಗುಣಿತ ಒತ್ತಕ್ಷರಗಳನ್ನು ಜೋಡಿಸಿದ ನಮ್ಮ ಮೊಳೆಗಾರರಿಗೆ ಸುಲಭವಾಗಿ ಅರ್ಥವಾಗತಕ್ಕವು.

ಅಚ್ಚಿನ ಅಕ್ಷರವು ಮರಳಿ ಜನರ ಕೈಗೆ ಬಂದು ಜಾನಪದ ಕಲೆಯಾದದ್ದು ಈ ಇತಿಹಾಸದ ಅತ್ಯಂತ ಮನೋಹರವಾದ ಅಧ್ಯಾಯ. ಧರ್ಮಕಾರಣಗಳಿಂದಲೂ ಜೀವನೋಪಾಯಕ್ಕಾಗಿಯೂ ಅಮೆರಿಕದ ಪೆನ್ಸಿಲ್ವೇನಿಯಕ್ಕೆ ವಲಸೆಹೋದ ಜರ್ಮನ್ ರೈತರು 18ನೆಯ ಶತಮಾನದ ಮಧ್ಯದಿಂದ ಸುಮಾರು ಒಂದು ನೂರು ವರ್ಷಗಳ ಕಾಲ ಫ್ರಾಕ್ಟುರ್ ಎಂಬ ಹೆಸರಿನಿಂದಲೇ ಪ್ರಸಿದ್ಧವಾದ ಅಲಂಕಾರಲೇಖನವನ್ನು ಬೆಳೆಸಿದರು. ಕಾನ್ರಾಡ್ ಬೈಸೆಲನು 1732ರಲ್ಲಿ ಸ್ಥಾಪಿಸಿದ ಎಫ್ರಾಟ ಮಠದಲ್ಲಿ ವ್ರತಸ್ಥರಾದ ಸಹೋದರ ಸಹೋದರಿಯರು ಬರೆವಣಿಗೆಯನ್ನು ತಪಸ್ಸೆಂದು ಭಾವಿಸಿ, 1750ರಲ್ಲಿ ಸಿದ್ಧಪಡಿಸಿದ ವರ್ಣಮಾಲೆಯ ಗ್ರಂಥದಲ್ಲಿ ಒಂದೊಂದು ದೊಡ್ಡಕ್ಷರವನ್ನೂ ಹೂವು ಬಳ್ಳಿಗಳಿಂದ ತುಂಬಿದರು. ಹಳ್ಳಿಗಳಲ್ಲಿ ಈ ಕಲೆಯನ್ನು ನಡೆಸಿಕೊಂಡು ಬಂದವರು ಶಾಲಾ ಉಪಾಧ್ಯಾಯರು. ಮಗುವಿನ ಜನನ ದೀಕ್ಷೆಗಳ ಪತ್ರವನ್ನೂ ವಿದ್ಯಾರ್ಥಿಗೆ ಮೇಲ್ಪಂಕ್ತಿಯ ಹಾಳೆಯನ್ನೂ ಬರೆದು, ಟ್ಯೂಲಿಪ್ ಹೂ, ಹೃದಯ, ಜೋಡಿಹಕ್ಕಿಗಳಿಂದ ಅಲಂಕರಿಸಿ ಕೊಡುತ್ತಿದ್ದರು; ಮೆನ್ನೊನೈಟ್ ಪಂಥದ ಕ್ರಿಸ್ಟೋಫರ್ ಡಾಕ್ ಎಂಬ ಉಪಾಧ್ಯಾಯನು ಚೆನ್ನಾಗಿ ಕಲಿತ ಮಕ್ಕಳಿಗೆ ದಂಡನೆಗೆ ಪ್ರತಿಯಾಗಿ ಹೂ ಹಕ್ಕಿಗಳ ಚಿತ್ರವನ್ನು ಬಹುಮಾನವಾಗಿ ನೀಡುವ ಪದ್ಧತಿಯಿಂದ ಕೀರ್ತಿಶೇಷನಾಗಿದ್ದಾನೆ. ಓದಲು ಹೆಚ್ಚು ಪುಸ್ತಕಗಳಿಲ್ಲದ ಮನೆಯಲ್ಲಿ ಅಕ್ಷರವೇ ಮಂಗಳದ್ರವ್ಯವಾಗುವ ಈ ಭಾವವು ನಮ್ಮ ಸೀಮೆಗೂ ಅನ್ಯವಲ್ಲ. ಅರಿಸಿನ ಸವರಿದ ಅಂಚುಗಳ ಲಗ್ನಪತ್ರಿಕೆ, ದೀಪಾವಳಿಯ ದಿನ ಅಂಗಡಿಯ ಹೊಸ ಖಾತೆಪುಸ್ತಕದ ತಲೆಯಲ್ಲಿ ಬರೆಯುವ ಶ್ರೀಕಾರ, ಬಾಗಿಲ ಇಕ್ಕೆಲಗಳ ಶುಭ ಲಾಭಗಳು, ಮದುವೆಯಲ್ಲಿ ಮಗಳಿಗೆ ಕೊಡುವ ಹಿತ್ತಾಳೆ ತಾಮ್ರದ ಪಾತ್ರೆಗಳ ಕಂಠದ ಸುತ್ತ ಚಿಕ್ಕ ಉಳಿಯಿಂದ ಚುಕ್ಕೆಚುಕ್ಕೆಯಾಗಿ ಹೊಡೆಯಿಸುವ ಹೆಸರು, ಇವೆಲ್ಲವೂ ಅದೇ ಗಣದವು. ಪಾತ್ರೆಯ ಮೇಲಿನ ಆ ಚುಕ್ಕೆಬರಹವನ್ನು ಯಾರೂ ಸಂಗ್ರಹಾಲಯಕ್ಕೆ ಯೋಗ್ಯವೆಂದು ಎಣಿಸಿಲ್ಲವಾದರೂ, ಪೆನ್ಸಿಲ್ವೇನಿಯದ ಹಾಳೆಗಳಿಗೆ ಸಂದ ಗೌರವವು ಅದಕ್ಕೂ ಸಲ್ಲತಕ್ಕದ್ದು.

ಕಪ್ಪಕ್ಷರದ ನಾಡಿನವರು ಕನ್ನಡದ ದುಂಡಕ್ಷರವನ್ನು ಕೈಗೆತ್ತಿಕೊಂಡದ್ದು 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಮೂಲಕ. ಅದಕ್ಕೆ ಮೊದಲೇ ಸೆರಾಂಪುರದ ವಿಲಿಯಂ ಕೇರಿಯು 1817ರಲ್ಲಿ ಕನ್ನಡ ವ್ಯಾಕರಣವನ್ನು ಅಚ್ಚುಮಾಡಿದ್ದನು. ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸನು ಬೈಬಲಿನ ಅನುವಾದದಲ್ಲಿ ತೊಡಗಿದ್ದನು. ವುರ್ಟೆಂಬರ್ಗಿನ ಹೆರ್ಮನ್ ಮೊಗ್ಲಿಂಗನು ಆ ಕಾಲದ ಜರ್ಮನ್ ಬಾಲಕರೆಲ್ಲರಂತೆ ಫ್ರಾಕ್ಟುರಿನಲ್ಲಿ ಓದಿ, ಮೊನೆಮೊನೆಯಾದ ಕುರ್ರೆಂಟ್ ಕೈಬರಹದಲ್ಲಿ ಬರೆದು ಬೆಳೆದವನು. ಅಂಥವನು 1843ರ ಜುಲೈ 1ರಂದು ಮಂಗಳೂರ ಸಮಾಚಾರವೆಂಬ ಕನ್ನಡದ ಮೊತ್ತಮೊದಲ ಪತ್ರಿಕೆಯನ್ನು ಹೊರಡಿಸಿದಾಗ ಬಳಸಿದ್ದು ಅಚ್ಚುಮೊಳೆಯಲ್ಲ, ಕಲ್ಲಚ್ಚು. ಬವೇರಿಯದ ಅಲೋಯ್ಸ್ ಸೆನೆಫೆಲ್ಡರನು 18ನೆಯ ಶತಮಾನದ ಕೊನೆಯಲ್ಲಿ ಕಂಡುಹಿಡಿದ ಈ ವಿಧಾನದಲ್ಲಿ ಸುಣ್ಣಕಲ್ಲಿನ ನುಣುಪಾದ ಚಪ್ಪಡಿಯ ಮೇಲೆ ಜಿಡ್ಡಿನ ಮಸಿಯ ಬರಹವನ್ನು ಇಳಿಸಿ, ಕಲ್ಲನ್ನು ಒದ್ದೆಮಾಡಿ ಅಚ್ಚುಶಾಯಿಯನ್ನು ಉರುಳಿಸಿದರೆ, ನೀರು ಕುಡಿದ ಕಲ್ಲು ಶಾಯಿಯನ್ನು ನಿರಾಕರಿಸಿ, ಜಿಡ್ಡಿನ ಅಕ್ಷರ ಮಾತ್ರ ಅದನ್ನು ಸ್ವೀಕರಿಸುವುದು. ಇದರಲ್ಲಿ ಲಿಪಿಕಾರನ ಕೈಬರಹವು ಅದರ ಒತ್ತು, ದೀರ್ಘ, ಬಾಗುಗಳೆಲ್ಲದರೊಡನೆ ಯಥಾವತ್ತಾಗಿ ಕಾಗದಕ್ಕಿಳಿಯುತ್ತದೆ. 1844ರಲ್ಲಿ ಪತ್ರಿಕೆಯು ಕನ್ನಡ ಸಮಾಚಾರವೆಂಬ ಹೆಸರಿನಿಂದ ಬಳ್ಳಾರಿಗೆ ಹೋಗಿ ಮೊಳೆಯಲ್ಲಿ ಅಚ್ಚಾಯಿತಾದರೂ, ಮೊಗ್ಲಿಂಗನು 1848ರಿಂದ ಪ್ರಕಟಿಸಿದ ಪ್ರಾಚೀನ ಕನ್ನಡ ಕಾವ್ಯಗಳ ಮಾಲೆಗೆ ಕಲ್ಲಚ್ಚೇ ಆಧಾರವಾಯಿತು. ಓಲೆಗರಿಯ ಕಾವ್ಯವು ಮೊಳೆಯ ಏಕರೂಪತೆಗೆ ಒಗ್ಗುವ ಮುನ್ನ ಒಮ್ಮೆ ಕೈಬರಹದ ಮೂಲಕವೇ ಮುದ್ರಣಲೋಕವನ್ನು ಪ್ರವೇಶಿಸಿತೆಂಬುದು ನಮ್ಮ ಭಾಗ್ಯವೆಂದೇ ತಿಳಿಯಬೇಕು. ಫರ್ಡಿನೆಂಡ್ ಕಿಟ್ಟೆಲರ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಗುವ ಹೊತ್ತಿಗೆ ಕನ್ನಡದ ಮೊಳೆಯು ಎಂಥ ಭಾರವನ್ನಾದರೂ ಹೊರುವಷ್ಟು ಪ್ರೌಢವಾಗಿತ್ತು.

ಅದೇ ಕಲ್ಲಚ್ಚು ಎಡೆದೊರೆನಾಡಿಗೆ ಬೇರೊಂದು ವೇಷದಲ್ಲಿ ಬಂದಿತು. 1948ರವರೆಗೆ ನಿಜಾಮರ ಆಡಳಿತದಲ್ಲಿದ್ದ ರಾಯಚೂರು ಜಿಲ್ಲೆಯಲ್ಲಿ ಉರ್ದುವೇ ಕಚೇರಿಯ ಭಾಷೆ; ಅದರ ನಸ್ತಲೀಕ್ ಲಿಪಿಯು ಓರೆಯಾಗಿ ಇಳಿಯುತ್ತ ಮೇಲಿಂದ ಕೆಳಕ್ಕೆ ತೂಗಾಡುವುದರಿಂದ ಮೊಳೆಗೆ ಸುಲಭವಾಗಿ ಬಗ್ಗದೆ, ಕಾತಿಬರೆಂಬ ಲಿಪಿಕಾರರ ಕೈಬರಹ ಮತ್ತು ಕಲ್ಲಚ್ಚುಗಳನ್ನೇ ನಂಬಿಕೊಂಡಿತ್ತು. ಲಿಂಗಸುಗೂರಿನ ಕಚೇರಿಯಲ್ಲಿ ಉರ್ದು, ಮನೆಯಲ್ಲಿ ಕನ್ನಡ, ಎಂಬ ಸ್ಥಿತಿಯಲ್ಲಿ ಬೆಳೆದ ತಲೆಮಾರಿನವರು ಎಡದಿಂದ ಬಲಕ್ಕೂ ಬಲದಿಂದ ಎಡಕ್ಕೂ ಕೈಯೋಡಿಸಬಲ್ಲವರಾಗಿದ್ದುದು ಅಕ್ಷರಕಲೆಯ ದೃಷ್ಟಿಯಿಂದ ಸಾಮಾನ್ಯವಾದ ಸಂಪತ್ತಲ್ಲ. ಮಸ್ಕಿಯ ಬ್ರಾಹ್ಮಿಗೂ ಜರ್ಮನ್ ಪಾಂಡಿತ್ಯದ ಸೇವೆ ಸಂದಿತು. ಗೇಯಾರ್ಗ್ ಬ್ಯೂಲರರು 1896ರಲ್ಲಿ ಪ್ರಕಟಿಸಿದ ಭಾರತೀಯ ಲಿಪಿಶಾಸ್ತ್ರವು ಒಂದೊಂದು ಅಕ್ಷರದ ವಂಶಪರಂಪರೆಯನ್ನು ಕೋಷ್ಠಕಗಳಲ್ಲಿ ನಿರೂಪಿಸಿತು. ಡ್ರೆಸ್ಡೆನ್ನಿನಲ್ಲಿ ಹುಟ್ಟಿ, ಭಾರತ ಸರಕಾರದ ಶಾಸನತಜ್ಞರಾಗಿದ್ದು, ಬಳಿಕ ಹ್ಯಾಲೆಯಲ್ಲಿ ಅಧ್ಯಾಪಕರಾದ ಹುಲ್ಟ್ಶ್ ಅವರು 1925ರಲ್ಲಿ ಹೊರತಂದ ಅಶೋಕಶಾಸನಗಳ ಬೃಹತ್ಸಂಪುಟದಲ್ಲಿ ಮಸ್ಕಿಯ ಬಂಡೆಯ ಪಡಿಯಚ್ಚು ಸ್ಥಾನ ಪಡೆಯಿತು.

ಜರ್ಮನಿಯಲ್ಲಿ ಈ ನಡುವೆ ಕಪ್ಪಕ್ಷರಕ್ಕೂ, ಇತರ ಐರೋಪ್ಯರು ಬಳಸುವ ದುಂಡು ಲ್ಯಾಟಿನ್ ಅಕ್ಷರಕ್ಕೂ ದೀರ್ಘವಾದ ವಿವಾದ ನಡೆಯುತ್ತಿತ್ತು. ಜರ್ಮನ್ ಭಾಷೆಯ ಪರಮಸೇವಕನಾದ ಯಾಕೋಬ್ ಗ್ರಿಮ್ಮನೇ ತನ್ನ ಮಹಾಕೋಶವನ್ನು ಲ್ಯಾಟಿನ್ ಅಕ್ಷರದಲ್ಲಿ ಅಚ್ಚುಮಾಡಿಸಿದನು; 1911ರಲ್ಲಿ ಪ್ರಶ್ನೆಯು ಜರ್ಮನ್ ಸಂಸತ್ತಿನವರೆಗೆ ಹೋಗಿ ಫ್ರಾಕ್ಟುರ್ ಉಳಿಯಿತು. ನಾಟ್ಸಿಗಳು ಮೊದಲಲ್ಲಿ ಅದನ್ನು ಜನಾಂಗದ ಹೆಗ್ಗುರುತೆಂದು ಮೆರೆಸಿ, 1941ರ ಜನವರಿ 3ರಂದು ತಮ್ಮ ಪಕ್ಷದ ನಾಯಕರಲ್ಲೊಬ್ಬನಾದ ಬೋರ್ಮನ್ನನ ಸುತ್ತೋಲೆಯ ಮೂಲಕ, ಅದು ಯಹೂದ್ಯರ ಅಕ್ಷರವೆಂಬ ಸಂಪೂರ್ಣ ಅಸತ್ಯವಾದ ಕಾರಣವನ್ನು ಹೇಳಿ, ಒಂದೇ ಏಟಿಗೆ ತೆಗೆದುಹಾಕಿದರು. ನಾಲ್ಕು ಶತಮಾನಗಳ ಕಾಲ ಒಂದು ಜನರ ಕಣ್ಣನ್ನು ತಿದ್ದಿದ ಅಕ್ಷರರೂಪವು ಹೀಗೆ ರಾಜಾಜ್ಞೆಯಿಂದ ಅಳಿದದ್ದು ಶೋಚನೀಯ. ಯುದ್ಧಾನಂತರ ಹುಟ್ಟಿದ ಜರ್ಮನರಲ್ಲಿ ಬಹುಮಂದಿಗೆ ಅಜ್ಜ ಅಜ್ಜಿಯರ ಕಾಗದಗಳನ್ನು ಓದುವುದೇ ದುಸ್ಸಾಧ್ಯವಾಯಿತು.

ಸಿಂಧನೂರಿನ ಸ್ಥಿತಿ ಇದಕ್ಕೆ ವಿಪರೀತವಾದುದು. ಇಲ್ಲಿ ಲಿಪಿಗಳು ಅಳಿಯುವುದಕ್ಕೆ ಬದಲು ಬಂದು ಸೇರಿವೆ. ತುಂಗಭದ್ರಾ ಅಣೆಕಟ್ಟಿನ ಎಡದಂಡೆಯ ಕಾಲುವೆಯಿಂದ ಭತ್ತದ ಸೀಮೆಯಾದ ಮೇಲೆ ಆಂಧ್ರದ ಕರಾವಳಿಯಿಂದ ಬಂದು ಕ್ಯಾಂಪುಗಳಲ್ಲಿ ನೆಲೆಸಿದ ರೈತರೊಡನೆ ತೆಲುಗು ಲಿಪಿಯೂ, ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದು 1970ರ ದಶಕದಿಂದ ಇಲ್ಲಿನ ಪುನರ್ವಸತಿ ಕ್ಯಾಂಪುಗಳಲ್ಲಿ ಬಾಳುತ್ತಿರುವ ಕುಟುಂಬಗಳೊಡನೆ ಬಂಗಾಳಿ ಲಿಪಿಯೂ ಬಂದುವು. ಕನ್ನಡ, ತೆಲುಗು, ಬಂಗಾಳಿಗಳು ಮೂರೂ ಮಸ್ಕಿಯ ಬಂಡೆಯ ಮೇಲಿನ ಬ್ರಾಹ್ಮಿಯ ಸಂತಾನವೇ. ಅಕ್ಕಿಗಿರಣಿಗಳ ಗೋಡೆಗಳ ಮೇಲೂ ಟ್ರಾಕ್ಟರಿನ ಟ್ರೇಲರುಗಳ ಹಿಂಬದಿಯಲ್ಲೂ ಚಪ್ಪಟೆ ಕುಂಚದಿಂದ ಬಣ್ಣದ ನೆರಳು ಕೊಟ್ಟು ಬರೆಯುವ ಪೇಂಟರರ ಅಕ್ಷರಗಳಲ್ಲಿ, ಅಗಲಬಾಯಿಯ ಲೇಖನಿ ಕೊಡುವ ದಪ್ಪ ತೆಳುವುಗಳು ಕನ್ನಡದ ದುಂಡುತನದೊಡನೆ ಬೆರೆತಿವೆ. ಕಂಪ್ಯೂಟರಿನಲ್ಲಿ ಜೋಡಿಸಿ ಫ್ಲೆಕ್ಸಿನ ಮೇಲೆ ಮುದ್ರಿಸುವ ಫಲಕಗಳು ಈ ಕೆಲಸವನ್ನು ವೇಗವಾಗಿ ಆಕ್ರಮಿಸುತ್ತಿರುವುದರಿಂದ, ಮಸ್ಕಿಯ ಶಾಸನಕ್ಕೆ ಹೈದರಾಬಾದ್ ಪುರಾತತ್ತ್ವ ಇಲಾಖೆ ಮಾಡಿದಂತೆ ಈ ಬರಹಗಳಿಗೂ ಊರೂರು ತಿರುಗಿ ಪಡಿಯಚ್ಚನ್ನೂ ಛಾಯಾಚಿತ್ರವನ್ನೂ ತೆಗೆದಿಡುವ ಕಾರ್ಯವನ್ನು ನಾಡಿನ ವಿಶ್ವವಿದ್ಯಾಲಯಗಳು ವಿಳಂಬವಿಲ್ಲದೆ ಕೈಗೊಳ್ಳತಕ್ಕದ್ದು.